ನೈಸಾಗಿ ರುಬ್ಬಿದರೆ ತಪ್ಪೇನು, ಮೇಷ್ಟ್ರೇ?

ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯ ಅಡುಗೆ ಪುಟದಲ್ಲಿ “ಉದ್ದಿನಬೇಳೆಯನ್ನು ನೈಸಾಗಿ ರುಬ್ಬಿಕೊಳ್ಳಿ” ಎಂದಿದೆ. ನೈಸ್ ಎಂದರೆ ಒಳ್ಳೆಯ, ಚೆನ್ನಾದ ಎಂದರ್ಥ. ನುಣ್ಣಗೆ ಅನ್ನುವ ಪದ ನಮ್ಮಲ್ಲೇ ಇರುವಾಗ ಇಂಗ್ಲಿಷ್ ಪದವನ್ನು ತಪ್ಪು ಅರ್ಥದಲ್ಲಿ ಬಳಸುವುದೇಕೆ? ಮೊದಲೇ ಅದೊಂದು ಸೋಮಾರಿ ಪದ. ಊಟ, ಸೀರೆ, ಸಿನಿಮಾ, ಮದುವೆ ಎಲ್ಲವೂ ಈಗಿನ ಮಕ್ಕಳಿಗೆ ನೈಸೇ. ಪತ್ರಿಕೆಯಾದರೂ ಎಚ್ಚರ ವಹಿಸಬಾರದೇ?’

ಮೇಷ್ಟ್ರೇ, ಅಡುಗೆ ಪುಟವನ್ನೂ ಇಷ್ಟು ಗಮನವಿಟ್ಟು ಓದುತ್ತೀರಲ್ಲ, ಅದಕ್ಕೆ ಮೊದಲು ನಮಸ್ಕಾರ. ನುಣ್ಣಗೆ ಒಳ್ಳೆಯ ಪದ, ಒಪ್ಪಿದೆ. ಪ್ರಬಂಧದ ತುಂಬ ನೈಸ್ ನೈಸ್ ಎಂದು ಬರೆದ ಹುಡುಗನಿಗೆ ನೀವು ಕೆಂಪು ಗೆರೆ ಎಳೆದಿದ್ದರೆ ಅದೂ ಸರಿಯೇ. ಆದರೆ ‘ತಪ್ಪು ಅರ್ಥ’ ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

ಈ ಪದದ ಸರಿಯಾದ ಅರ್ಥ ಯಾವುದು? ಹುಟ್ಟಿನಿಂದ ಹಿಡಿದರೆ ‘ದಡ್ಡ’. ಲ್ಯಾಟಿನ್‌ನ ನೆಸ್ಕಿಯಸ್, ಅಂದರೆ ಏನೂ ತಿಳಿಯದವನು, ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದ. 14ನೇ ಶತಮಾನದಲ್ಲಿ, ಕವಿ ಚಾಸರ್ ಕಾಲದಲ್ಲಿ, ಒಬ್ಬನನ್ನು ನೈಸ್ ಅಂದರೆ ಬೈದ ಹಾಗೇ ಇತ್ತು. ಆಮೇಲೆ ಚೆಲ್ಲು ಸ್ವಭಾವ, ನಾಚಿಕೆ, ಊಟ ಬಟ್ಟೆಯಲ್ಲಿ ಅತಿ ನಾಜೂಕು, ಕೂದಲೆಳೆಯಷ್ಟು ಸೂಕ್ಷ್ಮ, ಎಲ್ಲಕ್ಕೂ ಇದೇ ಪದ ಓಡಾಡಿತು.

ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಐದನೇ ಅಂಕ ನೆನಪಿದೆಯಲ್ಲ? ಪಾದ್ರಿ ಲಾರೆನ್ಸ್ ಬರೆದ ಕಾಗದ ರೋಮಿಯೋ ಕೈ ಸೇರುವುದಿಲ್ಲ. ಒಯ್ಯಬೇಕಾದವನನ್ನು ಪ್ಲೇಗಿನ ಶಂಕೆಯಿಂದ ಮನೆಯೊಳಗೆ ಕೂಡಿಹಾಕಿರುತ್ತಾರೆ. ಸುದ್ದಿ ತಿಳಿದ ಪಾದ್ರಿ, ಆ ಕಾಗದ ನೈಸ್ ಆಗಿರಲಿಲ್ಲ ಅನ್ನುತ್ತಾನೆ. ಕಾಗದ ಚೆನ್ನಾಗಿರಲಿಲ್ಲ ಅಂತಲ್ಲ. ಅದೇನು ಸಣ್ಣಪುಟ್ಟ ವಿಷಯದ್ದಲ್ಲ, ಎರಡು ಜೀವ ಅದರ ಮೇಲೆ ನಿಂತಿತ್ತು ಅಂತ. ನೀವು ಹೇಳುವ ಅರ್ಥ ಇಟ್ಟುಕೊಂಡು ಓದಿದರೆ ಆ ಮನುಷ್ಯನ ಗಾಬರಿಯೇ ಕೈತಪ್ಪಿಹೋಗುತ್ತದೆ.

1755ರ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೊಡುವುದು ನಿಖರ, ನಾಜೂಕು, ಯಾವುದೂ ಹಿಡಿಸದ ಸ್ವಭಾವ, ಇಂಥ ಅರ್ಥಗಳನ್ನು. ‘ಚೆನ್ನಾದ’ ಅನ್ನುವುದು ಚಾಲ್ತಿಗೆ ಬಂದದ್ದೇ 18ನೇ ಶತಮಾನದ ಉತ್ತರಾರ್ಧದಲ್ಲಿ. ಇಷ್ಟು ತಡವಾಗಿ ಬಂದ ಅರ್ಥವನ್ನು ಮೂಲ ಪುರುಷ ಮಾಡಿ ಕೂರಿಸಿದ್ದೀರಿ.

ನಿಮ್ಮ ದೂರಿಗೂ ವಯಸ್ಸಾಗಿದೆ. ಜೇನ್ ಆಸ್ಟಿನ್ ತೀರಿಕೊಂಡ ಮೇಲೆ 1817ರ ಕೊನೆಯಲ್ಲಿ ಹೊರಬಂದ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಇದೇ ಪದ ಹಿಡಿದು ಕ್ಯಾಥರೀನಳನ್ನು ಕಿಚಾಯಿಸುತ್ತಾನೆ. ಇವತ್ತಿನ ದಿನವೂ ನೈಸ್, ನಮ್ಮ ನಡಿಗೆಯೂ ನೈಸ್, ನೀವಿಬ್ಬರೂ ನೈಸ್, ಎಲ್ಲಕ್ಕೂ ಆಗುವ ಪದ ಇದು ಅಂತ. ಮೊದಲೆಲ್ಲ ಅಚ್ಚುಕಟ್ಟು, ನಯ, ಇಂಥದ್ದಕ್ಕಷ್ಟೇ ಹೇಳುತ್ತಿದ್ದರೇನೋ ಅಂತಲೂ ಸೇರಿಸುತ್ತಾನೆ. ಅವನ ‘ಮೊದಲಿ’ಗೂ ಎಷ್ಟೋ ಮೊದಲು ಆ ಪದ ದಡ್ಡನದಾಗಿತ್ತು, ಅಲ್ವಾ?

ಈಗ ನಮ್ಮ ಹಿಟ್ಟಿನ ಗಿರಣಿಗೆ ಬನ್ನಿ. ಡಬ್ಬ ಇಟ್ಟ ಕೂಡಲೇ ಗಿರಣಿಯವನು ಕೇಳುತ್ತಾನೆ: ‘ನೈಸಾ, ತರಿನಾ?’ ಚಕ್ಕುಲಿಗೆ ನೈಸು, ಉಪ್ಪಿಟ್ಟಿಗೆ ತರಿ. ಬೀಳುತ್ತಿರುವ ಬಿಸಿ ಹಿಟ್ಟನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿ, ಕಾಳು ಸಿಕ್ಕರೆ ಕಲ್ಲನ್ನು ಇನ್ನಷ್ಟು ಬಿಗಿ ಮಾಡುತ್ತಾನೆ. ಆ ಬೆರಳಿಗೆ ಅರ್ಥದಲ್ಲಿ ಗೊಂದಲವಿಲ್ಲ. ಅವನ ನೈಸು, ಇವತ್ತಿನ ಇಂಗ್ಲಿಷಿಗಿಂತ ಜಾನ್ಸನ್ನರ ನಾಜೂಕಿಗೇ ಹತ್ತಿರ. ಅಷ್ಟೇ ಅಲ್ಲ, ‘ನೈಸ್ ಮಾಡ್ತಾನೆ’ ಅಂದರೆ ಪೂಸಿ ಹೊಡೆಯುತ್ತಾನೆ ಅಂತ. ‘ನೈಸಾಗಿ ಜಾರಿಕೊಂಡ’ ಅಂದರೆ ಯಾರಿಗೂ ಗೊತ್ತಾಗದ ಹಾಗೆ ತಪ್ಪಿಸಿಕೊಂಡ ಅಂತ. ನಯ, ನುಣುಪು, ಜೊತೆಗೊಂದಿಷ್ಟು ಜಾಣತನ, ಎಲ್ಲವನ್ನೂ ನಮ್ಮ ಜನ ಈ ಪದಕ್ಕೆ ತುಂಬಿದ್ದಾರೆ. ಇದು ತಪ್ಪಲ್ಲ ಮೇಷ್ಟ್ರೇ, ದುಡಿಮೆ. ಇಂಗ್ಲಿಷರು ಲ್ಯಾಟಿನ್ ಪದಕ್ಕೆ ಮಾಡಿದ್ದನ್ನೇ ನಾವು ಇಂಗ್ಲಿಷ್ ಪದಕ್ಕೆ ಮಾಡಿದೆವು. ಅವರದು ಭಾಷೆಯ ಬೆಳವಣಿಗೆ, ನಮ್ಮದು ಅಜ್ಞಾನ ಅನ್ನುವುದು ಯಾವ ನ್ಯಾಯ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟು ಉರುಹೊಡೆಸುವ ಗೈಡುಗಳ ಮೇಲೆ. ನೈಸ್ ಅಂದರೆ ಒಳ್ಳೆಯ, ಮುಗಿಯಿತು. ಹೀಗೆ ಕಲಿತ ಮಗು ಇಂಗ್ಲಿಷನ್ನೂ ಕಲಿಯುವುದಿಲ್ಲ, ಮನೆಯಲ್ಲಿ ಅಮ್ಮ ಆಡುವ ಮಾತನ್ನೂ ಕೀಳು ಅಂದುಕೊಳ್ಳುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆರೆದು ನೋಡಿ. ಜರ್ಮನಿಯಿಂದ ಬಂದ ಆ ಪಾದ್ರಿ, ಹಳೆಯ ಕಾವ್ಯದ ಸಾಲುಗಳ ಜೊತೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಕೊಟ್ಟು ಅರ್ಥ ತೋರಿಸಿದ್ದಾರೆ. ಅದಾಗಿ ನೂರಕ್ಕೂ ಜಾಸ್ತಿ ವರ್ಷವಾಯಿತು. ನಮ್ಮ ಶಾಲಾಮಕ್ಕಳ ಕೈಯಲ್ಲಿರುವ ಪುಟ್ಟ ಡಿಕ್ಷನರಿಗಳಲ್ಲಿ ಒಂದು ವಾಕ್ಯದ ಉದಾಹರಣೆಯೂ ಇರುವುದಿಲ್ಲ.

ನೀವು ವರ್ಷಗಟ್ಟಲೆ ತರಗತಿಯಲ್ಲಿ ನಿಂತವರು. ಮಕ್ಕಳ ಬಾಯಲ್ಲಿ ಹೊಸ ಅರ್ಥ ಪಡೆದ ಇಂಗ್ಲಿಷ್ ಪದಗಳು ನಿಮ್ಮ ಕಿವಿಗೆ ಬಿದ್ದಿರಲೇಬೇಕು. ತಿದ್ದದೆ, ಆಡಿದ ವಾಕ್ಯದ ಸಮೇತ ಬರೆದು ಕಳಿಸಿ. ಖಂಡಿತ ಅಚ್ಚು ಹಾಕುತ್ತೇವೆ.