ಗುಳೇದಗುಡ್ಡದಂಥ ಊರಿನ, ಕನ್ನಡ ಮಾಧ್ಯಮದವರಿಗೂ ಇಂಗ್ಲೆಂಡಿನ ಸಂಶೋಧನಾ ಅನುದಾನ ಸಿಗುತ್ತದೆಯೇ?

ಸಿಗುತ್ತದೆ. ನನಗೆ ಸಿಕ್ಕಿದೆ, ಅದಕ್ಕೇ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗುಳೇದಗುಡ್ಡದ ನೇಕಾರರ ಮನೆತನ, ಅಪ್ಪ ಈಗಲೂ ಮಗ್ಗಕ್ಕೆ ಕೂಡುತ್ತಾರೆ, ನೀವು ಅಲ್ಲಿನ ಕುಪ್ಪಸದ ಬಟ್ಟೆ ಖಣದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೀರಿ. ಲಂಡನ್ನಿನಲ್ಲಿ ನಮ್ಮ ದೇಶದ ಹಳೆಯ ಬಟ್ಟೆಗಳ ದೊಡ್ಡ ಸಂಗ್ರಹ ಇದೆ, ಅದನ್ನು ನೋಡಿಬರಲು ಅಲ್ಲಿನ ದತ್ತಿ ಟ್ರಸ್ಟ್‌ಗಳು ರೊಕ್ಕ ಕೊಡುತ್ತವೆ ಎಂದು ಯಾರೋ ಹೇಳಿದ್ದಾರೆ. "ದಿಲ್ಲಿ, ಬೆಂಗಳೂರಿನವರ ಪರಿಚಯ ಇಲ್ಲದ, ಇಂಗ್ಲಿಷ್ ಅಷ್ಟಕ್ಕಷ್ಟೇ ಬರುವ ನಮ್ಮಂಥವರು ಅರ್ಜಿ ಹಾಕಿ ಏನಾದರೂ ಪ್ರಯೋಜನ ಇದೆಯಾ" ಎಂದು ಕೇಳಿದ್ದೀರಿ.

ನಾನು ಬೈಲಹೊಂಗಲ ತಾಲೂಕಿನವಳು. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ್ದು. ಒಂದು ಬ್ರಿಟಿಷ್ ಟ್ರಸ್ಟಿನ ಹಣದಲ್ಲಿ ಮೂರು ವಾರ ಲಂಡನ್ನಿನಲ್ಲಿದ್ದು, ನಮ್ಮ ಶಾಸನಗಳ ಹಳೆಯ ಕೈಬರಹದ ನಕಲುಗಳನ್ನು ಓದಿ ಬಂದೆ. ನಾನು ಪಡೆದ ಯೋಜನೆ ಈಗ ಅದೇ ರೂಪದಲ್ಲಿ ಇಲ್ಲ, ಆದ್ದರಿಂದ ಹೆಸರು ಬರೆಯುತ್ತಿಲ್ಲ. ಅಲ್ಲಿಗೆ ಮುಟ್ಟಿದ ದಾರಿಯನ್ನು ಹೇಳುತ್ತೇನೆ.

ಆ ನಕಲುಗಳನ್ನು ಮಾಡಿಸಿದವನು ವಾಲ್ಟರ್ ಎಲಿಯಟ್. ಅವನ ಹೆಸರು ಕಿತ್ತೂರಿನ ಕಥೆಯಲ್ಲಿ ಕೇಳಿರಬಹುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರು, ಎಲಿಯಟ್ ಮತ್ತು ಸ್ಟೀವನ್‌ಸನ್, ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕರು. ಎಲಿಯಟ್‌ಗೆ ಆಗ ಬರೀ 21 ವರ್ಷ. ಬಿಡುಗಡೆಯಾದ ಮೇಲೂ ಆತ ಈ ಸೀಮೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದ. ಹಳೆಯ ಅಕ್ಷರ ಓದಬಲ್ಲ ನಮ್ಮವರನ್ನೇ ಇಟ್ಟುಕೊಂಡು, ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದು, ಎಲ್ಲೆಲ್ಲಿ ಕಲ್ಲು ಸಿಕ್ಕಿತೋ ಅಲ್ಲೆಲ್ಲ ಶಾಸನಗಳ ನಕಲು ಬರೆಸಿದ. ಆರುನೂರರ ಹತ್ತಿರ ಶಾಸನಗಳು. ಆ ಕೈಬರಹದ ಸಂಪುಟಗಳ ಒಂದು ಪ್ರತಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಹೋಯಿತು. ಮುಂದೆ ಶಾಸನತಜ್ಞ ಫ್ಲೀಟ್ ಅವರು ಚಾಲುಕ್ಯರು, ರಟ್ಟರು ಮುಂತಾದ ನಮ್ಮ ಭಾಗದ ರಾಜವಂಶಗಳ ಚರಿತ್ರೆ ಬರೆಯುವಾಗ ಈ ಸಂಗ್ರಹವನ್ನು ಮತ್ತೆ ಮತ್ತೆ ನೆನೆಯುತ್ತಾರೆ, ನಕಲುಗಾರರ ತಪ್ಪುಗಳನ್ನೂ ಎತ್ತಿ ತೋರಿಸುತ್ತಾರೆ.

ನನ್ನ ತವರಿನ ಪಕ್ಕದ ಊರಲ್ಲಿ ಈಶ್ವರ ಗುಡಿಗೆ ಆನಿಸಿ ನಿಲ್ಲಿಸಿದ ಒಂದು ಕಲ್ಲಿದೆ. ಮೇಲಿನ ಹನ್ನೊಂದು ಸಾಲು ಚೊಕ್ಕ. ಕೆಳಗೆ ಮೊದಲು ಸುಣ್ಣ ಬಳಿದು, ಆಮೇಲೆ ಪ್ರತಿ ಜಾತ್ರೆಗೂ ಎಣ್ಣೆಬಣ್ಣ ಹಚ್ಚಿ ಅಕ್ಷರ ತುಂಬಿಹೋಗಿವೆ, ಒಂದು ಮೂಲೆ ಒಡೆದಿದೆ. ದಾನ ಕೊಟ್ಟವರು ಯಾರೆಂದು ತಿಳಿಯುತ್ತದೆ. ಯಾರಿಗೆ ಕೊಟ್ಟರು, ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಭೂಮಿ ಎಂದು ತಿಳಿಯುವುದಿಲ್ಲ. ಚಿಕ್ಕವಳಿದ್ದಾಗ ಆ ಕಲ್ಲಿನ ಮೇಲೆ ಬೆರಳಾಡಿಸಿ ಅಕ್ಷರ ಹುಡುಕುತ್ತಿದ್ದೆ. ಅದರ ಪೂರ್ತಿ ಪಾಠ ಎಲ್ಲಾದರೂ ಉಳಿದಿದ್ದರೆ ಎಲಿಯಟ್‌ನ ಸಂಪುಟದಲ್ಲೇ ಉಳಿದಿರಬೇಕು ಎಂದು ಬಹಳ ದಿನ ತಲೆಯಲ್ಲಿತ್ತು.

ಆದರೆ ಮೊದಲ ಅರ್ಜಿಯಲ್ಲಿ ಈ ಕಲ್ಲಿನ ಸುದ್ದಿಯೇ ಇರಲಿಲ್ಲ! ಕದಂಬರಿಂದ ವಿಜಯನಗರದವರೆಗೆ ಕನ್ನಡ ನಾಡಿನ ಹಿರಿಮೆ, ಎರಡು ದೇಶಗಳ ಸಾಂಸ್ಕೃತಿಕ ಬಾಂಧವ್ಯ, ಸಂಶೋಧನೆಯ ಮಹತ್ವ ಎಂದು ಎರಡು ಪುಟ ತುಂಬಿಸಿದ್ದೆ. "ಈ ಸಲ ಸಾಧ್ಯವಾಗುತ್ತಿಲ್ಲ" ಎಂದು ಎರಡು ಸಾಲಿನ ಉತ್ತರ ಬಂತು. ನಮ್ಮ ಗುರುಗಳಿಗೆ ಅದನ್ನು ತೋರಿಸಿದಾಗ ಅವರು ಪೂರ್ತಿ ಓದಿ, "ಎಲ್ಲಾ ಬರದೀಯವ್ವಾ, ಹೋಗಿ ಏನ್ ನೋಡಾಕಿ ಅನ್ನೂದೊಂದು ಬರದಿಲ್ಲ" ಅಂದರು. ಆ ಮಾತನ್ನು ನಿಮಗೂ ದಾಟಿಸುತ್ತಿದ್ದೇನೆ, ಈ ಉತ್ತರದಲ್ಲಿ ಬೇರೆ ಏನು ಮರೆತರೂ ಅದೊಂದನ್ನು ಮರೆಯಬೇಡಿ.

ಎರಡನೆಯ ಸಲ ಕಲ್ಲಿನಿಂದಲೇ ಶುರು ಮಾಡಿದೆ. ಬೈಲಹೊಂಗಲ, ಸವದತ್ತಿ ತಾಲೂಕುಗಳಲ್ಲಿ ರಜೆಯ ದಿನಗಳಲ್ಲಿ ತಿರುಗಿ ನಾನೇ ಫೋಟೊ ತೆಗೆದ 23 ಸವೆದ ಕಲ್ಲುಗಳ ಪಟ್ಟಿ ಕೊಟ್ಟೆ. ಯಾವ ಕಲ್ಲಿನಲ್ಲಿ ಎಷ್ಟನೆಯ ಸಾಲಿನಿಂದ ಓದಲಾಗುವುದಿಲ್ಲ ಎಂದು ಬರೆದೆ. ಗ್ರಂಥಾಲಯಕ್ಕೆ ಮೊದಲೇ ಪತ್ರ ಬರೆದು, ಸಂಪುಟಗಳನ್ನು ನೋಡಲು ಕೊಡುತ್ತೇವೆ ಎಂಬ ಅವರ ಉತ್ತರವನ್ನು ಅರ್ಜಿಗೆ ಲಗತ್ತಿಸಿದೆ. ವಾಪಸು ಬಂದು ಆಯಾ ಊರಿನ ಗುಡಿಯಲ್ಲಿ ಪಾಠ ಓದಿಹೇಳುತ್ತೇನೆ ಎಂದೂ ಬರೆದೆ. ಮೂರು ತಿಂಗಳಿಗೆ ಮಂಜೂರಾಯಿತು.

23ರಲ್ಲಿ 9 ಸಿಕ್ಕವು. ನಮ್ಮ ಕಲ್ಲೂ ಸಿಕ್ಕಿತು. ಭೂಮಿಯ ಅಳತೆ ಸ್ಪಷ್ಟವಾಗಿ ಬರೆದಿತ್ತು. ದಾನ ಪಡೆದವನ ಹೆಸರಿನ ಜಾಗದಲ್ಲಿ ಮಾತ್ರ ನಕಲುಗಾರ ಚುಕ್ಕಿ ಇಟ್ಟಿದ್ದ. ಅಂದರೆ ಆ ಮೂಲೆ ಎಲಿಯಟ್‌ನ ಕಾಲಕ್ಕೇ ಒಡೆದಿತ್ತು. ಹೆಸರು ಗೊತ್ತಿಲ್ಲದ ಆ ಬರಹಗಾರ ತನಗೆ ಕಾಣದ್ದನ್ನು ಊಹಿಸಿ ತುಂಬಲಿಲ್ಲವಲ್ಲ, ಅದನ್ನು ನೋಡಿ ಓದುವ ಕೋಣೆಯಲ್ಲೇ ನನಗೆ ಕಣ್ಣು ತುಂಬಿತು. ಊರಿಗೆ ಬಂದು ಗುಡಿಯಲ್ಲಿ ಓದಿ ಹೇಳಿದೆ. ಆ ವರ್ಷದ ಜಾತ್ರೆಗೆ ಕಲ್ಲಿಗೆ ಬಣ್ಣ ಹಚ್ಚಲಿಲ್ಲ.

ಈ ಟ್ರಸ್ಟ್‌ಗಳಿಗೆ ರೊಕ್ಕ ಎಲ್ಲಿಂದ ಬಂತು ಎಂಬುದನ್ನೂ ತಿಳಿದಿರಿ, ಸಂಕೋಚ ಕಡಿಮೆಯಾಗುತ್ತದೆ. ಚಾರ್ಲ್ಸ್ ವ್ಯಾಲೇಸ್ ಎಂಬುವವನು 1855ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಸೆಣಬು ಮತ್ತು ಹಡಗಿನ ವ್ಯಾಪಾರದಲ್ಲಿ ಗಳಿಸಿ, 1916ರಲ್ಲಿ ತೀರಿಕೊಂಡ. ಮನೆಯವರಿಗೆ ಕೊಟ್ಟು ಉಳಿದ ಆಸ್ತಿಯನ್ನು, ಎಲ್ಲೆಲ್ಲಿ ಎಷ್ಟೆಷ್ಟು ಗಳಿಸಿದ್ದನೋ ಅದೇ ಪ್ರಮಾಣದಲ್ಲಿ, ಬ್ರಿಟನ್ ಮತ್ತು ಬ್ರಿಟಿಷ್ ಇಂಡಿಯಾದ ಖಜಾನೆಗಳಿಗೆ ಬರೆದಿಟ್ಟ. ದೇಶ ಇಬ್ಭಾಗವಾದ ಮೇಲೆ ಭಾರತದ ಪಾಲನ್ನು ಹೇಗೆ ಹಂಚಬೇಕೆಂದು ವರ್ಷಗಟ್ಟಲೆ ಮಾತುಕತೆ ನಡೆದು, 1968ರಲ್ಲಿ ಒಪ್ಪಂದವಾಗಿ, 1981ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಬರ್ಮಾಗಳಿಗೆ ಬೇರೆ ಬೇರೆ ಟ್ರಸ್ಟ್‌ಗಳಾದವು. ಭಾರತದಲ್ಲೇ ವಾಸಿಸುವ ಭಾರತೀಯರು ಕಲೆ, ಪರಂಪರೆ, ಮಾನವಿಕ ವಿಷಯಗಳಲ್ಲಿ ಕೆಲಸ ಮಾಡಲು ಬ್ರಿಟನ್ನಿಗೆ ಹೋಗಲು ಭಾರತದ ಪಾಲಿನ ಟ್ರಸ್ಟ್ ನೆರವಾಗುತ್ತ ಬಂದಿದೆ. ಬಂಗಾಳದ ಸೆಣಬಿನಲ್ಲಿ ನಮ್ಮವರ ಬೆವರೂ ಇತ್ತು. ಆ ಹಣ ಕೇಳುವಾಗ ತಲೆ ತಗ್ಗಿಸಬೇಕಾದ ಅಗತ್ಯ ನನಗಂತೂ ಕಾಣಲಿಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ (ವಿ ಆ್ಯಂಡ್ ಎ) ಮ್ಯೂಸಿಯಮ್ಮಿನ ಭಾರತೀಯ ಸಂಗ್ರಹಕ್ಕೆಂದೇ ನೆಹರೂ ಟ್ರಸ್ಟ್ ಎಂಬುದೊಂದು ಇದೆ, ನಿಮ್ಮ ವಿಷಯಕ್ಕೆ ಅದು ಹತ್ತಿರ. ಯಾವುದು ಈ ವರ್ಷ ಅರ್ಜಿ ಕರೆದಿದೆ, ವಯಸ್ಸಿನ ಮಿತಿ ಎಷ್ಟು ಎಂಬುದು ಬದಲಾಗುತ್ತಿರುತ್ತದೆ, ಅವರವರ ಜಾಲತಾಣದಲ್ಲೇ ನೋಡಿ.

ಈಗ ನಿಮ್ಮ ಖಣದ ಮಾತು. ಫೋರ್ಬ್ಸ್ ವ್ಯಾಟ್ಸನ್ ಎಂಬ ಅಧಿಕಾರಿ 1866ರಲ್ಲಿ ಭಾರತದ ಬಟ್ಟೆಗಳ ಮಾದರಿ ಸಂಪುಟಗಳನ್ನು ಮಾಡಿಸಿದ. ಒಂದು ಸೆಟ್ಟಿಗೆ 18 ಸಂಪುಟ, 700 ತುಂಡು ಬಟ್ಟೆ. ಹೀಗೆ 20 ಸೆಟ್ಟು, 13 ಬ್ರಿಟನ್ನಿಗೆ, 7 ಭಾರತಕ್ಕೆ. ನಿಜವಾದ ಸೀರೆ, ಪಂಚೆ, ಕುಪ್ಪಸದ ಬಟ್ಟೆಗಳನ್ನೇ ಕತ್ತರಿಸಿ ಹಾಳೆಗೆ ಅಂಟಿಸಿ, ಉದ್ದ, ಅಗಲ, ತೂಕ, ಬೆಲೆ, ತಂದ ಊರು ಬರೆದಿದ್ದಾರೆ. ಉದ್ದೇಶ ಏನು? ಭಾರತದವರು ಏನು ಉಡುತ್ತಾರೆ ಎಂದು ಮ್ಯಾಂಚೆಸ್ಟರಿನ ಕಡೆಯ ಗಿರಣಿಗಳವರು ತಿಳಿದು, ಅಂಥದ್ದನ್ನೇ ಯಂತ್ರದಲ್ಲಿ ತೆಗೆದು ಇಲ್ಲಿ ಮಾರಲಿ ಎಂದು. ನಿಮ್ಮ ಮುತ್ತಜ್ಜನ ಕಾಲದ ಮಗ್ಗಗಳ ಹೊಟ್ಟೆಯ ಮೇಲೆ ಹೊಡೆಯಲು ಸಿದ್ಧವಾದ ಪುಸ್ತಕ ಅದು. ಅದೇ ಪುಸ್ತಕ ಈಗ ಆ ಕಾಲದ ನೇಯ್ಗೆಗೆ ದೊಡ್ಡ ಸಾಕ್ಷಿ. ನೇಕಾರರ ಮಗಳೊಬ್ಬಳು ಅದರ ಮುಂದೆ ಭೂತಗನ್ನಡಿ ಹಿಡಿದು ಕೂಡಬೇಕೆಂದು ನನಗೆ ಮನಸಾರೆ ಅನ್ನಿಸುತ್ತದೆ.

ಆದರೆ ಟಿಕೆಟ್ಟಿನ ಕನಸಿಗಿಂತ ಮೊದಲು ಒಂದು ಕೆಲಸ ಮಾಡಿ. ಪ್ರೆಸ್ಟನ್ ಊರಿನ ಹ್ಯಾರಿಸ್ ಮ್ಯೂಸಿಯಮ್ಮಿನ ಸೆಟ್ಟಿನ ಚಿತ್ರಗಳು ಅಂತರ್ಜಾಲದಲ್ಲಿವೆ. 700 ತುಂಡನ್ನೂ ಒಂದೊಂದಾಗಿ ನೋಡಿ. ಬೆಳಗಾವಿ, ಧಾರವಾಡ, ಸೊಲ್ಲಾಪುರ, ನಮ್ಮ ಸುತ್ತಿನ ಊರುಗಳ ಹೆಸರು ಬಂದಲ್ಲೆಲ್ಲ ಬರೆದಿಟ್ಟುಕೊಳ್ಳಿ, ಇಂಗ್ಲಿಷಿನ ಹಳೆಯ ಕಾಗುಣಿತ ವಿಚಿತ್ರವಾಗಿರುತ್ತದೆ, ಗಟ್ಟಿಯಾಗಿ ಓದಿ ನೋಡಿದರೆ ಊರು ಗೊತ್ತಾಗುತ್ತದೆ. ಒಂದೂ ಸಿಗದಿದ್ದರೆ ಅದೂ ಒಂದು ಸಂಗತಿಯೇ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ಇತ್ತಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಅವರ ಭಂಡಾರದ ಹಳೆಯ ಫೋಟೊಗಳೂ ಅಂತರ್ಜಾಲದಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಚಿತ್ರದಲ್ಲೇ ಕೆಲಸ ಮುಗಿಯುವುದಾದರೆ ಅನುದಾನ ಕೇಳಲೇಬೇಡಿ. ಆ ಹಣ ಇನ್ನೊಬ್ಬರಿಗೆ ಬೇಕಾಗಿರುತ್ತದೆ, ಅರ್ಜಿ ಓದುವವರಿಗೂ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಚಿತ್ರದಲ್ಲಿ ತಿಳಿಯದ್ದು ಯಾವುದು ಎಂದು ಅಪ್ಪನನ್ನು ಕೇಳಿ. ಹಾಸು (ಉದ್ದದ ಎಳೆ) ರೇಷ್ಮೆಯೋ ಹತ್ತಿಯೋ, ಅಂಗುಲಕ್ಕೆ ಎಷ್ಟು ಎಳೆ, ಹಿಂಬದಿಯಲ್ಲಿ ನೂಲು ಹೇಗೆ ಓಡಿದೆ, ಅಂಚು ಬೇರೆ ಕೂಡಿಸಿದ್ದೋ ಒಟ್ಟಿಗೆ ನೇಯ್ದದ್ದೋ. ಇವನ್ನೆಲ್ಲ ಬಟ್ಟೆ ಮುಂದಿಟ್ಟುಕೊಂಡೇ ನೋಡಬೇಕು. ಅರ್ಜಿಯ ಮೊದಲ ಪ್ಯಾರಾದಲ್ಲಿ ಬರಬೇಕಾದದ್ದು ಇದೇ. ಅಲ್ಲಿ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗೆ ಕ್ಯಾಟಲಾಗು ಗೊತ್ತು. ಆದರೆ ಮಗ್ಗದ ಮುಂದೆ ಬೆಳೆದವರು ಒಂದು ತುಂಡು ನೋಡಿ ಹೇಳುವುದನ್ನು ಕ್ಯಾಟಲಾಗು ಹೇಳುವುದಿಲ್ಲ. ನೀವು ಅಲ್ಲಿಂದ ತರುವುದು ಎಷ್ಟೋ, ಅಲ್ಲಿ ಕೊಟ್ಟು ಬರುವುದೂ ಅಷ್ಟೇ ಇದೆ, ಅದನ್ನು ಸಂಕೋಚವಿಲ್ಲದೆ ಬರೆಯಿರಿ. 2025ರಲ್ಲಿ ಲಂಡನ್ನಿನಲ್ಲಿ ತೆರೆದ ವಿ ಆ್ಯಂಡ್ ಎ ಈಸ್ಟ್ ಸ್ಟೋರ್‌ಹೌಸ್‌ನಲ್ಲಿ ಯಾರು ಬೇಕಾದರೂ ಮುಂಚಿತವಾಗಿ ತಿಳಿಸಿ, ಸಂಗ್ರಹದ ವಸ್ತುವನ್ನು ತರಿಸಿಕೊಂಡು ಎದುರಿಗೇ ನೋಡಬಹುದು, ಶುಲ್ಕವಿಲ್ಲ. ಯಾವ ವಸ್ತು, ಅದರ ಸಂಖ್ಯೆ ಎಷ್ಟು ಎಂದು ಇಲ್ಲಿಂದಲೇ ಗೊತ್ತುಮಾಡಿಕೊಂಡು ಹೋಗಿ. ಹೊರಡುವ ಮುನ್ನ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. 2023ರ ಅಕ್ಟೋಬರಿನ ಸೈಬರ್ ದಾಳಿಯ ನಂತರ ಬ್ರಿಟಿಷ್ ಲೈಬ್ರರಿಯ ಕ್ಯಾಟಲಾಗೇ ತಿಂಗಳುಗಟ್ಟಲೆ ಬಂದ್ ಇತ್ತು, ಹಾಗೆ ಎಲ್ಲಿ ಬೇಕಾದರೂ ಆಗಬಹುದು.

ರೊಕ್ಕದ ವಿಷಯ ಮುಚ್ಚಿಡುವುದಿಲ್ಲ. ಇಂಥ ಅನುದಾನ ಎಷ್ಟೋ ಸಲ ಪೂರ್ತಿ ಖರ್ಚಿಗೆ ಸಾಲುವುದಿಲ್ಲ. ನನಗೆ ಬಂದದ್ದು ವಸತಿ ಮತ್ತು ಊಟಕ್ಕೆ ಆಯಿತು. ವಿಮಾನದ ಟಿಕೆಟ್ಟಿಗೆ ಪತ್ತಿನ ಸೊಸೈಟಿಯಲ್ಲಿ ಸಾಲ ಮಾಡಿದೆ, ವೀಸಾ ಶುಲ್ಕ ಕೈಯಿಂದ ಹೋಯಿತು, ವೀಸಾಕ್ಕೆ ಬೆರಳ ಗುರುತು ಕೊಡಲು ಬೆಂಗಳೂರಿಗೆ ಹೋಗಿಬಂದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೆಲಸದ ಕಡೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಎರಡು ತಿಂಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಿರುಗಿತು. ನೀವು ಫೆಲೋಶಿಪ್ಪಿನಲ್ಲಿದ್ದರೆ ಮಾರ್ಗದರ್ಶಕರ ಪತ್ರವನ್ನು ಇಂದೇ ಕೇಳಿ ಇಟ್ಟುಕೊಳ್ಳಿ. ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರ ಬೆನ್ನು ಹತ್ತಬೇಡಿ, ನಿಮ್ಮ ಕೆಲಸ ಓದಿದವರು ಬರೆದರೆ ಸಾಕು.

ಇಂಗ್ಲಿಷ್ ಬಗ್ಗೆ: ಮೊದಲು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಆಮೇಲೆ ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷಿಗೆ ತನ್ನಿ. ಗೊತ್ತಿದ್ದವರಿಂದ ವ್ಯಾಕರಣ ತಿದ್ದಿಸಿ, ಭಾಷೆ ಚೆಂದ ಮಾಡಿಸಲು ಹೋಗಬೇಡಿ. ಖಣಕ್ಕೆ ಖಣ ಎಂದೇ ಬರೆಯಿರಿ, ಪಕ್ಕದಲ್ಲಿ ಅರ್ಥ ಕೊಡಿ. ನಮ್ಮ ಮಾತುಗಳನ್ನು ತೆಗೆದುಹಾಕಿದರೆ ನಿಮ್ಮ ಅರ್ಜಿ ಬೇರೆಯವರ ಅರ್ಜಿಯಂತೆಯೇ ಕಾಣುತ್ತದೆ.

ಪ್ರಶ್ನೆಯ ಕೊನೆಗೆ "ನೇಕಾರರ ಸಂಘಕ್ಕೂ ಇಂಥ ಹಣ ತರಿಸಬಹುದಾ" ಎಂದು ಕೇಳಿದ್ದೀರಿ. ಅದು ಬೇರೆ ದಾರಿ. ಸಂಘ ಸಂಸ್ಥೆಗಳು ವಿದೇಶದ ದೇಣಿಗೆ ಪಡೆಯಬೇಕಾದರೆ 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಲ್ಲಿ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಸಂಘದವರು ಒಬ್ಬ ಲೆಕ್ಕಪರಿಶೋಧಕರನ್ನು ಕೇಳದೆ ಮುಂದೆ ಹೆಜ್ಜೆ ಇಡಬಾರದು. ನಿಮ್ಮ ಪ್ರವಾಸದ ಅರ್ಜಿಯ ಜೊತೆ ಇದನ್ನು ಕಲಸಬೇಡಿ.

ಮಾದರಿ ಸಂಪುಟಗಳನ್ನು ನೋಡಿ ಮುಗಿಸಲು ನಿಮಗೆ ಹತ್ತು ಹದಿನೈದು ದಿನ ಹಿಡಿಯಬಹುದು. ಮುಗಿದ ಮೇಲೆ ಅಪ್ಪ ಏನೆಂದರು ಎಂಬುದನ್ನೂ ಸೇರಿಸಿ, ಆ ಮೊದಲ ಪ್ಯಾರಾ ಕನ್ನಡದಲ್ಲೇ ಬರೆದು ಈ ಉತ್ತರದ ಕೆಳಗೆ ಹಾಕಿ. ನಾನು ಓದಿ, ಎಲ್ಲಿ ತೊಡಕಿದೆ ಹೇಳುತ್ತೇನೆ.