ಲಕ್ಕಿ ಸೊಪ್ಪು ಸರಿ, ಆ ಪುಡಿ ಯಾವುದು?

ಶಿರಸಿ ಕಡೆಯ ಓದುಗರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಅಮ್ಮನಿಗೆ 68 ವರ್ಷ, ಮಂಡಿನೋವು, ಲಕ್ಕಿ ಸೊಪ್ಪಿನ ಶಾಖ ಕೊಟ್ಟಾಗ ಒಂಚೂರು ಹಾಯ್ ಅನ್ನಿಸುತ್ತಿತ್ತು, ಆಮೇಲೆ ಸಂತೆಯಲ್ಲಿ ಸಿಕ್ಕ ‘ಬೇರಿನ ಪುಡಿ’ ತಿಂದು ಮೂರೇ ದಿನಕ್ಕೆ ನೋವು ಮಾಯ, ಎರಡು ತಿಂಗಳಿಂದ ಅದೇ ನಡೆದಿದೆ, ಮುಖವೂ ತುಂಬಿಕೊಂಡು ಲಕ್ಷಣವಾಗಿದೆ, ಪುಡಿಯ ವಿಷಯ ಪತ್ರಿಕೆಯಲ್ಲಿ ಹಾಕಿ ಅಂದಿದ್ದೀರಿ. ಹಾಕುವುದಿಲ್ಲ. ಬೇಜಾರಾಗಬೇಡಿ.

ಲಕ್ಕಿ ಬಗ್ಗೆ ನನ್ನ ತಕರಾರಿಲ್ಲ. ನಮ್ಮಜ್ಜಿ ಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸಿ, ಹಳೇ ಪಂಚೆ ಚೂರಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಅಜ್ಜನ ಮಂಡಿಗೆ ಒತ್ತುತ್ತಿದ್ದರು. ಕಂಬಳಿಗೆ ಹತ್ತಿದ ಆ ಘಾಟು ಮೂರು ದಿನವಾದರೂ ಹೋಗುತ್ತಿರಲಿಲ್ಲ. ಸವೆದ ಕೀಲು ಅದರಿಂದ ಮತ್ತೆ ಬೆಳೆಯಲ್ಲ, ಆದರೆ ಬಿಸಿಗೆ ಬಿಗಿತ ಸಡಿಲವಾಗುತ್ತೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಮಾತ್ರ ಹುಷಾರು, ಸುಟ್ಟರೂ ಗೊತ್ತಾಗಲ್ಲ.

ಅರಿಶಿನದ ಹಾಲು ಕೇಳಿದ್ದೀರಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅರಿಶಿನದ ಸತ್ವ ಕರ್ಕ್ಯುಮಿನ್ 2 ಗ್ರಾಂ, ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ್ದು 20 ಪಟ್ಟು ಜಾಸ್ತಿ. ಸರಿ, ಆದರೆ ಅರಿಶಿನದಲ್ಲಿ ಆ ಸತ್ವ ನೂರಕ್ಕೆ ಮೂರೋ ನಾಲ್ಕೋ ಪಾಲು. 2 ಗ್ರಾಂ ಬೇಕಾದರೆ 50-65 ಗ್ರಾಂ ಅರಿಶಿನ, ಹಾಲಿಗೆ ಕಲಸಿ ಕುಡಿಯೋ ಹಾಗಿದೆಯಾ? ಚಿಟಿಕೆ ಅರಿಶಿನದ ಹಾಲು ರುಚಿಗೆ ಕುಡಿಯಲಿ ಬಿಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅರಿಶಿನದ ಕ್ಯಾಪ್ಸೂಲ್‌ಗೆ ಮಾತ್ರ ಸುಮ್ನೆ ಕೈ ಹಾಕಬಾರದು.

ಇನ್ನು ಆ ಪುಡಿ. ಹಳೇ ಮಂಡಿನೋವು ಮೂರು ದಿನಕ್ಕೆ ಹೋಯಿತು ಅಂದರೆ ನನಗೆ ಬೇರಿಗಿಂತ ಸ್ಟೀರಾಯ್ಡ್, ಅಂದರೆ ನೋವು-ಊತ ಬೇಗ ತಗ್ಗಿಸುವ ಹಾರ್ಮೋನಿನಂಥ ಔಷಧಿ, ನೆನಪಾಗುತ್ತೆ. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಬೆರೆಸಿರುವುದು ಲ್ಯಾಬ್‌ಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖ ತುಂಬಿಕೊಂಡಿರುವುದು ಲಕ್ಷಣಕ್ಕಲ್ಲ, ಬಹುಶಃ ಅದರದ್ದೇ ಊತ. ಸಕ್ಕರೆ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ಹಾಗಂತ ಇವತ್ತೇ ಪೊಟ್ಟಣ ಬಚ್ಚಲಿಗೆ ಸುರಿಯಬೇಡಿ. ಎರಡು ತಿಂಗಳು ಹೊರಗಿನಿಂದ ಸ್ಟೀರಾಯ್ಡ್ ಹೋದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸಿರಬಹುದು, ಥಟ್ಟನೆ ಬಿಟ್ಟರೆ ಬಿಪಿ ಇಳಿದು ಕುಸಿದುಬೀಳುವ ಅಪಾಯ ಇದೆ. ನಾಳೆ ಬೆಳಿಗ್ಗೆಯೇ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಪೊಟ್ಟಣವೂ ಜೊತೆಗಿರಲಿ. ಅಮ್ಮ ಒಪ್ಪದಿದ್ದರೆ ಈ ಪುಟ ಓದಿ ಹೇಳಿ, ಬೈಗುಳ ನನಗೇ ಬೀಳಲಿ.