ಪ್ರತಿಕ್ರಿಯೆ: ಮೆಲ್ಬರ್ನ್‌ನಲ್ಲಿ ಚಂದ್ರ ತಲೆಕೆಳಗೆ, ಸಂಕಷ್ಟಿಯೂ ಬೇರೆ ದಿನ, ಯಾಕೆ?

ಚಂದ್ರ ತಲೆಕೆಳಗಾಗಿ ಕಾಣುವುದು ಭ್ರಮೆಯಲ್ಲ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಮೆಲ್ಬರ್ನ್ ಸುಮಾರು 38 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ನೆತ್ತಿಯತ್ತ ಏರಿದ ಚಂದ್ರನನ್ನು ಉತ್ತರಕ್ಕೆ ಮುಖ ಮಾಡಿ ನೋಡುತ್ತೀರಿ. ಹಾಗಾಗಿ ಶುಕ್ಲಪಕ್ಷದಲ್ಲಿ ಎಡಭಾಗ ಬೆಳಗಿರುತ್ತದೆ.

ಸಂಕಷ್ಟಿ ವಿಷಯ ಸ್ವಲ್ಪ ಜಾಸ್ತಿ ಸಿಕ್ಕು. ಚಂದ್ರ ಸೂರ್ಯನಿಂದ ಪ್ರತಿ 12 ಡಿಗ್ರಿ ದೂರ ಸರಿದಾಗ ಒಂದು ತಿಥಿ ಮುಗಿಯುತ್ತದೆ. ಆ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಚಂದ್ರೋದಯ ಊರೂರಿಗೆ ಬೇರೆ. ಚಂದ್ರ ಹುಟ್ಟುವಾಗ ಚೌತಿ ಇರಬೇಕು, ಅಲ್ವಾ? ನಿಮ್ಮಲ್ಲಿ ಭಾರತಕ್ಕಿಂತ ಕೆಲವು ಗಂಟೆ ಮೊದಲೇ ಹುಟ್ಟುತ್ತಾನೆ. ಆಗಿನ್ನೂ ತದಿಗೆಯೇ ಇದ್ದರೆ ವ್ರತ ಮರುದಿನ. ಊರಿನ ಕ್ಯಾಲೆಂಡರಿನ ಸಮಯಕ್ಕೆ ಸುಮ್ನೆ ನಾಲ್ಕೂವರೆ ಗಂಟೆ ಕೂಡಿಸಬೇಡಿ. ಮೆಲ್ಬರ್ನ್‌ಗೇ ಲೆಕ್ಕ ಹಾಕಿದ ಪಂಚಾಂಗ ನೋಡಿ.